ಪ್ರಸಾದದ ನೇಮ, ದೇಹದ ನೇಮ

ಕಳೆದ ಶ್ರಾವಣದಲ್ಲಿ ಮಠದ ದಾಸೋಹದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಹಿರಿಯ ಶರಣರೊಬ್ಬರು ಕುಳಿತಿದ್ದರು. ಅವರಿಗೆ ಬಹುಕಾಲದಿಂದ ಮಧುಮೇಹ. ಬಡಿಸುವ ಹುಡುಗ ಎರಡನೆಯ ಸಲ ಗೋಧಿ ಹುಗ್ಗಿ ನೀಡಿದಾಗ, ಒಂದು ಕ್ಷಣ ತಟ್ಟೆಯನ್ನೇ ನೋಡಿ, ಎಲ್ಲವನ್ನೂ ಉಂಡು ಮುಗಿಸಿದರು. ಕೈ ತೊಳೆಯುವಾಗ ವಿಚಾರಿಸಿದೆ. "ಶಾಸ್ತ್ರಿಗಳೇ, ಪ್ರಸಾದ ಬೇಡವೆನ್ನುವುದು ಹೇಗೆ? ಬಿಟ್ಟರೆ ದೋಷವಲ್ಲವೇ?" ಎಂದರು. ಈ ಸಂಕಟ ಅವರೊಬ್ಬರದಲ್ಲ, ನಮ್ಮ ಅನೇಕ ಮನೆಗಳದು.

ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಅದನ್ನು ತಟ್ಟೆಯಲ್ಲಿ ಬಿಡಬಾರದೆಂಬುದು ನಮ್ಮ ಆಚಾರ. ಆದರೆ ಹೆಚ್ಚು ಉಣ್ಣಬೇಕೆಂಬುದು ಆಚಾರವಲ್ಲ. ಬೆರಳ ತುದಿಯಷ್ಟನ್ನು ಸ್ವೀಕರಿಸಿದರೂ ಪ್ರಸಾದವು ಪ್ರಸಾದವೇ. ಆದುದರಿಂದ ಬಡಿಸುವ ಮುನ್ನವೇ ಕೈ ಅಡ್ಡ ಹಿಡಿದು "ಒಂದು ಚಮಚ ಸಾಕು" ಎನ್ನುವುದು ಅನಾದರವಲ್ಲ. ಅದೇ ಪ್ರಸಾದಿಯ ಎಚ್ಚರ. ದೇಹವನ್ನು ದೇಗುಲವೆಂದು ಬಗೆದ ಪರಂಪರೆ ನಮ್ಮದು. ದೇಗುಲವನ್ನು ಕೆಡಿಸಿ ಪೂಜೆ ಮಾಡುವುದೆಲ್ಲಿ?

ಮನೆಯ ಊಟಕ್ಕೂ ಇದೇ ಅಳತೆ ಸಲ್ಲುತ್ತದೆ. ಸಕ್ಕರೆಯ ಬದಲು ಬೆಲ್ಲವಾದರೆ ಬಾಧಕವಿಲ್ಲ ಎಂಬುದು ತಪ್ಪು ತಿಳಿವಳಿಕೆ. ರಕ್ತದಲ್ಲಿ ಎರಡರ ಪರಿಣಾಮವೂ ಹೆಚ್ಚುಕಡಿಮೆ ಒಂದೇ. ಜೋಳದ ರೊಟ್ಟಿಯಲ್ಲಿ ನಾರಿನಂಶವಿದ್ದರೂ ಅದು ಪಿಷ್ಟಾಹಾರವೇ, ಎಣಿಸಿ ಉಣ್ಣಬೇಕು. ತಟ್ಟೆಯ ಅರ್ಧಭಾಗ ಸೊಪ್ಪು ತರಕಾರಿ, ಕಾಲುಭಾಗ ಬೇಳೆಕಾಳು, ಉಳಿದ ಕಾಲುಭಾಗ ಮಾತ್ರ ರೊಟ್ಟಿ ಅಥವಾ ಅನ್ನ ಇರಲಿ.

ಲಿಂಗಪೂಜೆಗೆ ಹೊತ್ತು ತಪ್ಪಿಸದವರಿಗೆ ಔಷಧದ ಹೊತ್ತನ್ನು ಪಾಲಿಸುವುದು ಕಷ್ಟವಲ್ಲ. ವಾರದಲ್ಲಿ ಐದು ದಿನವಾದರೂ ೩೦ ನಿಮಿಷ ಚುರುಕಾಗಿ ನಡೆಯಬೇಕು. ಮಲಗುವ ಮುನ್ನ ಅಂಗಾಲುಗಳನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ಈ ರೋಗದಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಬಹುದು. ಮುಳ್ಳು ಚುಚ್ಚಿದ್ದೂ ತಿಳಿಯದೆ ಗಾಯ ಕೊಳೆತು ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಮಧುಮೇಹಿಗಳು ಮೊದಲು ವೈದ್ಯರನ್ನು ಕಾಣಲಿ, ಬರಿಗಾಲಿನಲ್ಲಿ ನಡೆಯದಿರಲಿ. ಮಲ್ಲಯ್ಯನು ಪಾದರಕ್ಷೆಯನ್ನು ನೋಡುವುದಿಲ್ಲ, ಭಕ್ತಿಯನ್ನು ನೋಡುತ್ತಾನೆ.

ಶಿವರಾತ್ರಿಯ ಉಪವಾಸದ ವಿಷಯದಲ್ಲಿಯೂ ಎಚ್ಚರ ಬೇಕು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ನಿರಾಹಾರವಿದ್ದರೆ ರಕ್ತದ ಸಕ್ಕರೆ ೭೦ ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ಮಂಪರು ಉಂಟಾಗಬಹುದು. ಆಗ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೂಡಲೇ ಕುಡಿಸಬೇಕು. ಆ ಗಳಿಗೆಯಲ್ಲಿ ಸಕ್ಕರೆಯೇ ಔಷಧ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ರೋಗವಿಲ್ಲವೆಂದು ನಂಬಿರುವ ಹಿರಿಯರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಬರಿಹೊಟ್ಟೆಯ ಸಕ್ಕರೆ ೧೨೬ ಮಿಲಿಗ್ರಾಂ ಅಥವಾ ಹೆಚ್ಚೆಂದು ಮರುಪರೀಕ್ಷೆಯಲ್ಲಿಯೂ ಕಂಡರೆ ಅದು ಮಧುಮೇಹವೇ.

ಕೊನೆಗೊಂದು ಮಾತು ಬಡಿಸುವ ತಾಯಂದಿರಿಗೆ, ಮಠದ ಸೇವಕರಿಗೆ. ದಾಸೋಹವೆಂದರೆ ಉಣ್ಣುವವರ ಹಿತ. "ಇನ್ನೊಂದು ಹೋಳಿಗೆ, ನನ್ನಾಣೆ" ಎಂಬ ಉಪಚಾರ ಪ್ರೀತಿಯದೇ ಆದರೂ ಮಧುಮೇಹಿಯ ತಟ್ಟೆಗೆ ಅದು ವಿಷ. ಒಬ್ಬರು ಕೈ ಅಡ್ಡ ಹಿಡಿದಾಗ ಸೌಟನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ದಾಸೋಹವೇ.