ಎಚ್.ಪಿ. ಒಂದನ್ನೇ ನೋಡಿ ಮೋಟಾರು ಕೊಳ್ಳಬೇಡಿ



ಬೇಸಿಗೆಯಲ್ಲಿ ವೋಲ್ಟೇಜು ಇಳಿದು ಪಂಪು ನೀರೆತ್ತದಾದರೆ 5 ಎಚ್.ಪಿ. ತೆಗೆದು ಏಳೂವರೆ ಹಾಕಿಸುವುದು ಸೇಡಂ, ಚಿಂಚೋಳಿ, ಚಿತ್ತಾಪುರದ ಕಡೆಗೂ ಇರುವ ರೂಢಿ. ಈ ರೂಢಿ ಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ಎತ್ತು ರೆಂಟೆ ಎಳೆಯುವುದನ್ನು ನೆನೆಯಿರಿ. ನೊಗದ ಎಳೆತ ಒಂದು, ನಡಿಗೆಯ ವೇಗ ಇನ್ನೊಂದು. ಎರಡೂ ಕೂಡಿದರೆ ದಿನದ ಕೆಲಸ. ಮೋಟಾರಿನಲ್ಲಿ ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಟಾರ್ಕ್ ಮತ್ತು ವೇಗದ ಗುಣಾಕಾರವೇ ಎಚ್.ಪಿ. ನಿಮಿಷಕ್ಕೆ 1440 ಸುತ್ತಿನ 5 ಎಚ್.ಪಿ. ಮೋಟಾರಿನ ಟಾರ್ಕ್, ಒಂದು ಮೀಟರ್ ತೋಳಿನ ತುದಿಗೆ ಎರಡೂವರೆ ಕಿಲೋ ತೂಗಿದಷ್ಟು. 2880 ಸುತ್ತಿನದಾದರೆ ಅದರ ಅರ್ಧ. ಎಚ್.ಪಿ. ಒಂದೇ, ಬಲ ಬೇರೆ.

ಫಲಕದ ಮೇಲಿನ ಎಚ್.ಪಿ. ಎಂದರೆ ಮೋಟಾರು ಸದಾ ಕೊಡುವ ಶಕ್ತಿಯಲ್ಲ. ಕಾಯದೆ ಹೊರಬಲ್ಲ ಮಿತಿ. ಎಷ್ಟು ಶಕ್ತಿ ಬೇಕೆಂದು ಕೇಳುವುದು ಪಂಪು. ಪುಲ್ಲಿ ಬದಲಿಸಿ ಪಂಪಿನ ವೇಗವನ್ನು ಹತ್ತರಲ್ಲೊಂದು ಪಾಲು ಏರಿಸಿದರೆ ಅದು ಕೇಳುವ ಶಕ್ತಿ ಮೂರರಲ್ಲೊಂದು ಪಾಲು ಏರುತ್ತದೆ!

ವೋಲ್ಟೇಜು 415ರಿಂದ 332ಕ್ಕೆ ಇಳಿಯಿತೆನ್ನಿ. ಐದರಲ್ಲೊಂದು ಪಾಲು ಇಳಿದರೂ ಮೋಟಾರಿನ ಟಾರ್ಕ್ ಸಾಮರ್ಥ್ಯ ನೂರಕ್ಕೆ 64ಕ್ಕೆ ಕುಸಿಯುತ್ತದೆ. ಪಂಪು ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟನ್ನೇ ಕೇಳುತ್ತದೆ. ಆಗ ಮೋಟಾರು ಹೆಚ್ಚು ಕರೆಂಟು ಎಳೆದು, ಕಾದು, ವೈಂಡಿಂಗ್ ಸುಡುತ್ತದೆ.

ಈಗ ಏಳೂವರೆಯ ಮಾತು. ಮೋಟಾರಿನ ಜತೆ ಪಂಪೂ ದೊಡ್ಡದಾದರೆ ಅದೇ ತಂತಿ, ಅದೇ ಟಿ.ಸಿ. ಮೇಲೆ ಭಾರ ಹೆಚ್ಚುತ್ತದೆ. 25 ಕೆ.ವಿ.ಎ. ಟಿ.ಸಿ. 5 ಎಚ್.ಪಿ.ಯ ನಾಲ್ಕು ಪಂಪುಗಳನ್ನು ತಾಳಿದರೆ ಏಳೂವರೆಯ ಮೂರನ್ನು ಮಾತ್ರ ತಾಳೀತು. ನೀವು ಹಾಕಿದ್ದನ್ನು ನೋಡಿ ನೆರೆಯವರೂ ಹಾಕುತ್ತಾರೆ, ವೋಲ್ಟೇಜು ಇನ್ನೂ ಇಳಿಯುತ್ತದೆ, ಎಲ್ಲರ ಮೋಟಾರೂ ಸುಡುತ್ತದೆ. 10 ಎಚ್.ಪಿ.ವರೆಗೆ ವಿದ್ಯುತ್ತು ಉಚಿತ, ನಿಜ. ವೈಂಡಿಂಗ್ ಉಚಿತವೆ?

ಇನ್ನು ಬೇಳೆ ಗಿರಣಿಯವರು ಗಮನಿಸಬೇಕು: ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಹೊರಡುವಾಗಿನ ಟಾರ್ಕ್ ಮೂರರಲ್ಲೊಂದೇ ಪಾಲು. ತೊಗರಿ ತುಂಬಿಟ್ಟು ಬಟನ್ ಒತ್ತಬೇಡಿ. ಬರಿದಾಗಿ ತಿರುಗಲಿ, ಆಮೇಲೆ ಸುರಿಯಿರಿ.

ಕೊಳ್ಳುವ ಮೊದಲು ಬಾವಿಯ ನೀರಿನ ಮಟ್ಟದಿಂದ ನೀರು ಬೀಳುವ ಜಾಗದವರೆಗೆ ಎತ್ತರ ಅಳೆಯಿರಿ, ಪೈಪಿನ ಉದ್ದ ಬರೆದುಕೊಳ್ಳಿ. ಅಷ್ಟು ಎತ್ತರಕ್ಕೆ ಹೊಂದುವ ಪಂಪನ್ನು ಮೊದಲು, ಅದಕ್ಕೆ ತಕ್ಕ ಮೋಟಾರನ್ನು ಆನಂತರ ಕೇಳಿರಿ. ಕೆಪಾಸಿಟರ್ ತಪ್ಪದೆ ಹಾಕಿಸಿ. ಅಷ್ಟಾಗಿಯೂ ವೋಲ್ಟೇಜು ಏರದಿದ್ದರೆ ಒಂದೇ ಟಿ.ಸಿ.ಯ ರೈತರೆಲ್ಲ ಸಹಿ ಮಾಡಿ, ಪ್ರತಿಯೊಬ್ಬರ ಎಚ್.ಪಿ. ಸುಳ್ಳಿಲ್ಲದೆ ಬರೆದು, ಜೆಸ್ಕಾಂ ಕಚೇರಿಗೆ ಅರ್ಜಿ ಕೊಡಿ.