ಆಫೀಸ್ ಪ್ರಿಂಟರ್‌ಗೆ ಕಪ್ಪು-ಬಿಳುಪೇ ಕಾಯಂ ಆಗಬೇಕೆ?

ಪರ: ಕೇಳುವವರಿಲ್ಲದ ಪ್ರಶ್ನೆ

ರಾಜಾಜಿನಗರದ ನಮ್ಮಂಥ ಆಡಿಟರ್ ಆಫೀಸಿನಲ್ಲಿ ಪ್ರಿಂಟ್ ಆಗುವುದಾದರೂ ಏನು? ಜಿಎಸ್‌ಟಿ ಚಲನ್, ಬ್ಯಾಲೆನ್ಸ್ ಶೀಟ್, ಬ್ಯಾಂಕ್ ಸ್ಟೇಟ್‌ಮೆಂಟ್. ಇವುಗಳಲ್ಲಿ ಬಣ್ಣ ಅಂತ ಇರುವುದು ಬ್ಯಾಂಕಿನ ಲೋಗೊ ಒಂದೇ.

ವಿಜಯನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ, ಜೆರಾಕ್ಸ್ ಅಂಗಡಿಯವನ ಕೈಗೆ ಪೆನ್‌ಡ್ರೈವ್ ಕೊಡಿ. ಮೊದಲು ಕೇಳುವುದೇ 'ಕಲರಾ, ಬ್ಲ್ಯಾಕಾ?' ಜೇಬಿನ ದುಡ್ಡು, ಹಾಗಾಗಿ ಒಂದು ಗಳಿಗೆ ಯೋಚಿಸುತ್ತೇವೆ. ಆಫೀಸಿನಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ. ಕಂಟ್ರೋಲ್-ಪಿ ಒತ್ತಿದರೆ ಮುಗಿಯಿತು.

ಕಲರ್ ಲೇಸರ್‌ನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು ಟೋನರ್. ಡಬ್ಬದ ಮೇಲೆ 'ಇಷ್ಟು ಪುಟ' ಎಂದು ಬರೆದಿರುತ್ತಾರಲ್ಲ, ಅದು ಒಂದೊಂದು ಬಣ್ಣ ಪುಟದ ಸುಮಾರು 5% ಜಾಗವನ್ನಷ್ಟೇ ತುಂಬುತ್ತದೆ ಎಂಬ ಅಂದಾಜಿನದು. ಪುಟದ ತುಂಬ ನೀಲಿ ಹಿನ್ನೆಲೆ ಇರುವ ಪಿಪಿಟಿ ಹಾಕಿದ ದಿನ ಆ ಅಂದಾಜಿಗೆ ಎಳ್ಳುನೀರು. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ: ಕಲರ್ ಮೋಡ್‌ನಲ್ಲಿಟ್ಟರೆ ಎಷ್ಟೋ ಯಂತ್ರಗಳು ಕಪ್ಪು, ಬೂದುಗಳನ್ನೂ ಉಳಿದ ಮೂರು ಬಣ್ಣ ಬೆರೆಸಿಯೇ ತಯಾರಿಸುತ್ತವೆ.

ಗುಟ್ಟಿನ ಮಾತೂ ಒಂದಿದೆ. ಹಲವು ಕಲರ್ ಲೇಸರ್ ಯಂತ್ರಗಳು ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕಿಗಳನ್ನು ಪುಟದ ಮೇಲೆ ಚೆಲ್ಲುತ್ತವೆ. ಜೆರಾಕ್ಸ್ ಕಂಪನಿಯ ಒಂದು ಮಾದರಿಯ ಚುಕ್ಕಿಗಳನ್ನು 2005ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಬಿಡಿಸಿ ಓದಿತು. ಪ್ರಿಂಟ್ ಆದ ದಿನಾಂಕ, ಸಮಯ, ಯಂತ್ರದ ಸೀರಿಯಲ್ ನಂಬರ್ ಎಲ್ಲ ಅದರಲ್ಲಿತ್ತು! ಕಳ್ಳನೋಟಿನವರಿಗೆ ಇಟ್ಟ ಕಾವಲು ನಮ್ಮ ಚಲನ್‌ಗೇಕೆ?

ಬಣ್ಣ ಬೇಡ ಎಂದು ಹೇಳುತ್ತಿಲ್ಲ. ಬೇಕಾದವರಿಗೆ ಎರಡು ಕ್ಲಿಕ್ಕು, ಅಷ್ಟೆ.

ವಿರೋಧ: ಗೋಡೆ ಉಳಿದುಹೋಯಿತು

ಆ ಎರಡು ಕ್ಲಿಕ್ಕು ನೆನಪಿದ್ದರೆ ತಾನೆ? ನಮ್ಮದು ಬಸವೇಶ್ವರನಗರದಲ್ಲಿ ಮನೆ ಪ್ಲಾನ್ ಹಾಕಿಕೊಡುವ ಸಣ್ಣ ಆಫೀಸು. ಪ್ಲಾನಿನಲ್ಲಿ ಕೆಂಪು ಅಂದರೆ ಹೊಸದಾಗಿ ಕಟ್ಟುವುದು, ಹಳದಿ ಗೆರೆ ಅಂದರೆ ಕೆಡವುವುದು. ಯಾರೋ ಉಳಿತಾಯಕ್ಕೆಂದು ಪ್ರಿಂಟರನ್ನು ಕಪ್ಪಿಗೆ ತಿರುಗಿಸಿಟ್ಟಿದ್ದರು. ಹಳದಿ ಬೂದಾದರೆ ಬಿಳಿಗೆ ಹತ್ತಿರ. ಗೆರೆಗಳು ಕಾಗದದಲ್ಲೇ ಕರಗಿದವು. ನಾವು ಸೈಟಿಗೆ ಹೋಗುವಷ್ಟರಲ್ಲಿ, ಕೆಡವಬೇಕಿದ್ದ ಗೋಡೆಗೆ ಮೇಸ್ತ್ರಿ ನೀಟಾಗಿ ಪ್ಲಾಸ್ಟರ್ ಮಾಡಿ ನೀರು ಹೊಡೆಯುತ್ತಿದ್ದ. ಅವನನ್ನು ಬೈಯುವ ಹಾಗೂ ಇಲ್ಲ. ಎಷ್ಟು ಪುಟದ ಟೋನರ್ ಉಳಿಸಿದರೆ ಆ ಸಿಮೆಂಟಿನ ದುಡ್ಡು ಹುಟ್ಟುತ್ತದೆ?

ನಮ್ಮ ಮೆಟ್ರೊ ಮ್ಯಾಪನ್ನೇ ಕಪ್ಪು-ಬಿಳುಪಿನಲ್ಲಿ ತೆಗೆದು ನೋಡಿ. ವಿಜಯನಗರ, ಕೆಂಗೇರಿಯ ನೇರಳೆ ಮಾರ್ಗ, ರಾಜಾಜಿನಗರದ ಹಸಿರು ಮಾರ್ಗ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಮೆಜೆಸ್ಟಿಕ್ ದಾಟಿದ ಮೇಲೆ ಯಾವುದು ಯಾವುದೆಂದು ಹೊಸಬರಿಗೆ ಹೇಗೆ ತಿಳಿಯಬೇಕು?

ಆಡಿಟರ್ ಮಿತ್ರರು ಲೇಸರ್ ಲೆಕ್ಕ ಹೇಳಿದರು. ನಮ್ಮದು ಇಂಕ್ ಟ್ಯಾಂಕ್. ಕಲರ್ ಬಳಸದೆ ವಾರಗಟ್ಟಲೆ ಬಿಟ್ಟರೆ ಹೆಡ್ ಒಣಗಿ ಕಟ್ಟಿಕೊಳ್ಳುತ್ತದೆ. ಅದನ್ನು ತೊಳೆಯಲು ಯಂತ್ರ ಸುರಿಯುವುದೂ ಇಂಕನ್ನೇ. ಹೀಗೆ ಉಳಿಸಿದ್ದು ಅಲ್ಲಿಗೇ ಸರಿಹೋಗುತ್ತದೆ.

ನೀಲಿ ಪಿಪಿಟಿಯ ವಿಷಯದಲ್ಲಿ ಮಾತ್ರ ಅವರ ಜೊತೆ ನನ್ನ ಜಗಳವಿಲ್ಲ. ನಾವೀಗ ಒಂದೇ ಯಂತ್ರವನ್ನು ಕಂಪ್ಯೂಟರಿನಲ್ಲಿ ಎರಡು ಹೆಸರಲ್ಲಿ ಸೇರಿಸಿದ್ದೇವೆ: 'ಪ್ಲಾನ್' ಅಂದರೆ ಕಲರ್, 'ಪತ್ರ' ಅಂದರೆ ಕಪ್ಪು. ಪಟ್ಟಿಯಲ್ಲಿ ಮೊದಲು 'ಪ್ಲಾನ್' ಇರಲಿ ಎಂಬುದಷ್ಟೇ ನನ್ನ ಹಠ.