ಎತ್ತರದ ದಾಖಲೆ, ಇಳಿಯುವ ದಾರಿ

ಗವಿಪುರದ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯರಶ್ಮಿಯು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಆ ದಿನ ನಮ್ಮ ಬಡಾವಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನವೆಂಬರ್ ಕೊನೆಯಿಂದ ಡಿಸೆಂಬರ್ ಆರಂಭದ ದಿನಗಳಲ್ಲೂ ಇದೇ ಬೆಳಕು ಒಳಗೆ ಬರುತ್ತದೆಂದು ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ನಿಯತಕಾಲಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಆದರೆ ನವೆಂಬರಿನಲ್ಲಿ ಯಾರೂ ಸಾಲು ನಿಲ್ಲುವುದಿಲ್ಲ. ಪಂಚಾಂಗದಲ್ಲಿ ಗುರುತಾದ ದಿನವಷ್ಟೇ ನಮ್ಮ ಲೆಕ್ಕಕ್ಕೆ ಬರುತ್ತದೆ.

ಮಾನವನ ಬಾಹ್ಯಾಕಾಶ ಯಾನದ ಚರಿತ್ರೆಯನ್ನೂ ನಾವು ಹೀಗೆಯೇ ಓದುತ್ತಾ ಬಂದಿದ್ದೇವೆ. ಯಾರು ಮೊದಲು ಹೋದರು, ಎಷ್ಟು ಎತ್ತರ ಏರಿದರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಸಾಕು, ಪುಸ್ತಕ ಮುಚ್ಚುತ್ತೇವೆ.

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಏರಿದ ಗರಿಷ್ಠ ಎತ್ತರ 327 ಕಿ.ಮೀ. ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಈ ಸಂಖ್ಯೆ ಸಾಧನೆಯಾಗಿಯೇ ನಿಂತಿದೆ. ವಾಸ್ತವದಲ್ಲಿ ಅದೊಂದು ದೋಷದ ಫಲ. ರಾಕೆಟ್ಟಿನ ಎಂಜಿನ್ ನಿಗದಿತ ಕ್ಷಣದಲ್ಲಿ ಆರದೆ ತುಸು ತಡವಾಗಿ ಆರಿತು. ನೌಕೆ ಉದ್ದೇಶಿಸಿದ್ದಕ್ಕಿಂತ ಹತ್ತಾರು ಕಿ.ಮೀ. ಮೇಲಕ್ಕೆ ಹೋಯಿತು. ಇಳಿಸುವ ಎಂಜಿನ್ ಕೈಕೊಟ್ಟರೂ ವಾತಾವರಣದ ಘರ್ಷಣೆಯಿಂದ ನೌಕೆ ಹತ್ತು ದಿನಗಳೊಳಗೆ ತಾನಾಗಿ ಕೆಳಗೆ ಬೀಳಲಿ ಎಂಬ ಲೆಕ್ಕದಿಂದಲೇ ಕಕ್ಷೆಯನ್ನು ತಗ್ಗಿನಲ್ಲಿ ಯೋಜಿಸಲಾಗಿತ್ತು. ಒಳಗೆ ದಾಸ್ತಾನಿದ್ದುದೂ ಹತ್ತು ದಿನಗಳಿಗಾಗುವಷ್ಟೇ. ದಾಖಲೆಯಾದ ಆ ಎತ್ತರದಿಂದ ನೌಕೆ ಅಷ್ಟರೊಳಗೆ ಮರಳುತ್ತಿರಲಿಲ್ಲ. ಎಂಜಿನ್ ಉರಿಯಿತು, ಗಗಾರಿನ್ ಬದುಕಿದರು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದಾಖಲೆಗೆ ಮಾನ್ಯತೆ ನೀಡುವ ಅಂತರರಾಷ್ಟ್ರೀಯ ವಾಯುಯಾನ ಒಕ್ಕೂಟದ ಅಂದಿನ ನಿಯಮದಂತೆ ಚಾಲಕನು ತನ್ನ ವಾಹನದೊಳಗೇ ಕುಳಿತು ನೆಲ ಮುಟ್ಟಬೇಕಿತ್ತು. ಗಗಾರಿನ್ ಸುಮಾರು 7 ಕಿ.ಮೀ. ಎತ್ತರದಲ್ಲಿ ನೌಕೆಯಿಂದ ಹೊರಚಿಮ್ಮಿ ಪ್ರತ್ಯೇಕ ಪ್ಯಾರಾಚೂಟಿನಲ್ಲಿ ಇಳಿದಿದ್ದರು. ಸೋವಿಯತ್ ಒಕ್ಕೂಟ ಈ ಸಂಗತಿಯನ್ನು ಬಹುಕಾಲ ಮರೆಮಾಚಿತು. ಎತ್ತರದ ಅಂಕಿಯನ್ನು ಉಳಿಸಿಕೊಳ್ಳಲು ಇಳಿದ ಬಗೆಯನ್ನು ಅಡಗಿಸಬೇಕಾಯಿತು.

ಅಮೆರಿಕವೂ ಈ ಪೈಪೋಟಿಯಿಂದ ದೂರ ಉಳಿಯಲಿಲ್ಲ. 1966ರ ಜುಲೈಯಲ್ಲಿ ಜೆಮಿನಿ-10 ನೌಕೆ 763 ಕಿ.ಮೀ. ತಲಪಿತು, ಸೆಪ್ಟೆಂಬರಿನಲ್ಲಿ ಜೆಮಿನಿ-11ರ ಕಾನ್ರಾಡ್ ಮತ್ತು ಗಾರ್ಡನ್ ಸುಮಾರು 1,370 ಕಿ.ಮೀ.ಗೆ ಏರಿದರು. ಚಂದ್ರನತ್ತ ಹೋದವರನ್ನು ಬಿಟ್ಟರೆ, ಭೂಕಕ್ಷೆಯ ಮಟ್ಟಿಗೆ ಆ ದಾಖಲೆಯನ್ನು 2024ರ ಸೆಪ್ಟೆಂಬರಿನಲ್ಲಿ ಪೊಲಾರಿಸ್ ಡಾನ್ ಯಾನ ಮುರಿಯುವವರೆಗೆ 58 ವರ್ಷ ಯಾರೂ ಮುಟ್ಟಲಿಲ್ಲ. ಮುಟ್ಟುವ ಶಕ್ತಿ ಇಲ್ಲದ್ದರಿಂದಲ್ಲ, ಅಗತ್ಯ ಇಲ್ಲದ್ದರಿಂದ. ಮೇಲೆ ಹೋದಷ್ಟೂ ವಿಕಿರಣ ಹೆಚ್ಚು, ಇಂಧನದ ಖರ್ಚು ಹೆಚ್ಚು, ಲಾಭ ಅಲ್ಪ.

ನಮ್ಮ ಗಗನಯಾನ ಮೂವರನ್ನು ಕರೆದೊಯ್ಯಬೇಕಿರುವುದು ಸುಮಾರು 400 ಕಿ.ಮೀ. ಎತ್ತರಕ್ಕೆ. ದಾಖಲೆಯ ದೃಷ್ಟಿಯಿಂದ ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದವು ಚಿಕ್ಕ ಸಂಖ್ಯೆಗಳು. 2025ರ ಆಗಸ್ಟ್ 24ರಂದು ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು 3 ಕಿ.ಮೀ. ಎತ್ತರದಲ್ಲಿ ಮಾದರಿ ಕೋಶವೊಂದನ್ನು ಕೆಳಗೆ ಬಿಟ್ಟು ಪ್ಯಾರಾಚೂಟುಗಳನ್ನು ಪರೀಕ್ಷಿಸಲಾಯಿತು. 2023ರ ಅಕ್ಟೋಬರ್ 21ರ ಪರೀಕ್ಷೆಯಲ್ಲಿ ಕೋಶವು ಸಮುದ್ರದಲ್ಲಿ ತಲೆಕೆಳಗಾಗಿ ತೇಲಿತು. ಇಸ್ರೊ ಅದನ್ನು ಮುಚ್ಚಿಡಲಿಲ್ಲ. ಮೆಚ್ಚಬೇಕಾದ ನಡತೆ ಅದು. 1967ರಲ್ಲಿ ಸೋಯುಜ್-1ರ ಕೊಮರೋವ್ ಪ್ರಾಣ ಕಳೆದುಕೊಂಡದ್ದು ಕಕ್ಷೆಯಲ್ಲಿ ಅಲ್ಲ, ಮುಖ್ಯ ಪ್ಯಾರಾಚೂಟು ಬಿಚ್ಚಿಕೊಳ್ಳದ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ.

ಆದರೆ ಇತ್ತೀಚೆಗೆ ಆ ನಡತೆ ಸಡಿಲಗೊಂಡಿದೆ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಮೂರನೇ ಹಂತದಲ್ಲಿ ವಿಫಲವಾಯಿತು. ಅದರ ತನಿಖಾ ವರದಿ ಜನರ ಕೈಗೆ ಬರುವ ಮೊದಲೇ 2026ರ ಜನವರಿ 12ರಂದು ಹಾರಿದ ಸಿ62 ಕೂಡ ಮೂರನೇ ಹಂತದಲ್ಲೇ ಮುಗ್ಗರಿಸಿತು. ಗಗನಯಾನದ ವಾಹನ ಬೇರೆ ಎಂಬುದು ನಿಜ. ಸಂಸ್ಥೆ ಮಾತ್ರ ಒಂದೇ ತಾನೆ? ಉಪಗ್ರಹ ಕಳೆದರೆ ಹಣ ಹೋಗುತ್ತದೆ, ವಿಮೆಯ ಮಾತಾಡಬಹುದು. ಕುರ್ಚಿಯಲ್ಲಿ ಮನುಷ್ಯರಿದ್ದಾಗ ಆ ಮಾತಿಗೆ ಅರ್ಥವಿಲ್ಲ. 2018ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಿತವಾದ 2022ರ ಗಡುವು ದಾಟಿಹೋಗಿದೆ. ದಾಟಿದ್ದು ಒಳ್ಳೆಯದೇ ಆಯಿತು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಇಸ್ರೊದ ಮಾನವ ಬಾಹ್ಯಾಕಾಶ ಯಾನ ಕೇಂದ್ರ 2019ರಲ್ಲಿ ಆರಂಭವಾದದ್ದು ಇದೇ ನಗರದಲ್ಲಿ. ಗವಿಪುರದಿಂದ ಕೂಗಳತೆಯಲ್ಲಿರುವ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ಯಾತ್ರಿಗಳು ಏರುವ ಮುನ್ನ ಇಳಿಯುವ ವ್ಯವಸ್ಥೆಯ ಪ್ರತಿಯೊಂದು ಪರೀಕ್ಷೆಯ ಫಲಿತಾಂಶವನ್ನು, ಸೋತವುಗಳನ್ನೂ ಸೇರಿಸಿ, ಇಸ್ರೊ ಅಂಥದೊಂದು ವೇದಿಕೆಯಲ್ಲಿ ಕನ್ನಡದಲ್ಲಿ ಮುಂದಿಡಲಿ. ಸಭಿಕರ ಪ್ರಶ್ನೆಗಳಿಗೂ ಸಮಯ ಕೊಡಲಿ.